ಡಿಸೆಂಬರಿನ ‘ಇಲ್ಲ’, ಜನವರಿಯ ಅರ್ಜಿ

ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಸೀಟು ಸಿಕ್ಕವರು ಬರೆಯುತ್ತಾರೆ. ನನಗೆ ಸೀಟು ಸಿಕ್ಕಿಲ್ಲ. ಆದರೂ ಬರೆಯಬೇಕೆಂದು ಲೆಕ್ಕಶಾಸ್ತ್ರದ ಸರ್ ಹೇಳಿದರು. ಪ್ರಥಮ ಪಿಯುಸಿಯ ಮೂರ್ನಾಲ್ಕು ಹುಡುಗಿಯರು ಲೈಬ್ರರಿಯಲ್ಲಿ ನನ್ನನ್ನು ಹಿಡಿದು ಕೇಳಿದ ಪ್ರಶ್ನೆಗಳಿಗೂ ಇಲ್ಲೇ ಒಟ್ಟಿಗೆ ಉತ್ತರ ಕೊಟ್ಟಂತಾಗುತ್ತದೆ.

ಡಿಸೆಂಬರ್ ಮಧ್ಯದ ಒಂದು ದಿನ ಬೆಳಗಿನ ಐದೂವರೆಗೆ ನಾನು ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಅಮೆರಿಕದ ಪೂರ್ವ ಭಾಗದಲ್ಲಿ ಆಗ ಹಿಂದಿನ ದಿನದ ಸಂಜೆ ಏಳು ಗಂಟೆ. ಅಲ್ಲಿನ ಒಂದು ದೊಡ್ಡ ಕಾಲೇಜು ಆ ಹೊತ್ತಿಗೆ ಫಲಿತಾಂಶ ಹಾಕುವುದಾಗಿ ತಿಳಿಸಿತ್ತು. ಅಮ್ಮಿ ಚಹಾಕ್ಕೆ ನೀರಿಟ್ಟಿದ್ದರು. ಅಬ್ಬಾ ಫಜರ್ ನಮಾಜಿಗೆ ಹೊರಟಿದ್ದರು. ಪತ್ರ ತೆರೆಯಿತು. ನಾಲ್ಕೈದು ಸಾಲು, ಅಷ್ಟೇ. ಮೊದಲ ಸಾಲಿನಲ್ಲೇ ವಿಷಾದ ವ್ಯಕ್ತಪಡಿಸಿದ್ದರು. ಮುಂದಿನದನ್ನು ನಾನು ಓದಲಿಲ್ಲ. ಅಬ್ಬಾ ನನ್ನ ಮುಖ ನೋಡಿದರು, ಏನೂ ಕೇಳದೆ ತಲೆಯ ಮೇಲೆ ಕೈಯಿಟ್ಟು ಮಸೀದಿಗೆ ಹೋದರು.

ಆ ದಿನದಿಂದ ಜನವರಿ 5ರವರೆಗೆ ಮೂರು ವಾರ ಇತ್ತು. ಆ ಮೂರು ವಾರದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಮೊದಲ ಸುತ್ತಿನಲ್ಲಿ ‘ಇಲ್ಲ’ ಎಂದರೆ ಒಂದು ಕಾಲೇಜಿನ ಲೆಕ್ಕ ಮುಗಿದಿದೆ ಎಂದಷ್ಟೇ ಅರ್ಥ. ಉಳಿದ ಅರ್ಜಿಗಳನ್ನು ಅದೇ ದುಃಖದಲ್ಲಿ, ಅದೇ ತಪ್ಪುಗಳ ಜೊತೆ ಕಳಿಸಿದರೆ ಮಾತ್ರ ಅದು ಪೂರ್ತಿ ನಷ್ಟವಾಗುತ್ತದೆ.

ಮೊದಲು ಪದಗಳ ಅರ್ಥ

ಅಮೆರಿಕದ ಕಾಲೇಜುಗಳಿಗೆ ನಮ್ಮ ಸಿಇಟಿಯಂತೆ ಒಂದೇ ಪರೀಕ್ಷೆ, ಒಂದೇ ಕೌನ್ಸೆಲಿಂಗ್ ಇಲ್ಲ. ಪ್ರತಿ ಕಾಲೇಜಿಗೂ ಬೇರೆ ಬೇರೆ ಅರ್ಜಿ ಹೋಗಬೇಕು. ಹೆಚ್ಚಿನವು ‘ಕಾಮನ್ ಆ್ಯಪ್’ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ಅದರಲ್ಲಿ 20 ಕಾಲೇಜುಗಳವರೆಗೆ ಸೇರಿಸಬಹುದು. ಸುತ್ತುಗಳು ಹೀಗಿವೆ:

ಅರ್ಲಿ ಡಿಸಿಷನ್: ನವೆಂಬರ್ 1ರ ಆಸುಪಾಸಿನಲ್ಲಿ ಅರ್ಜಿ, ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಇದು ಕಟ್ಟುಪಾಡಿನ ಅರ್ಜಿ. ಒಂದೇ ಕಾಲೇಜಿಗೆ ಹಾಕಬೇಕು, ಸೀಟು ಕೊಟ್ಟರೆ ಸೇರಲೇಬೇಕು. ವಿದ್ಯಾರ್ಥಿ, ಪೋಷಕರು, ಕಾಲೇಜಿನವರು ಮೂವರೂ ಒಪ್ಪಂದಕ್ಕೆ ಸಹಿ ಹಾಕಬೇಕು. ಕೊಟ್ಟ ಆರ್ಥಿಕ ನೆರವು ಸಾಲದೆ ಸೇರಲು ಆಗದಿದ್ದರೆ ಮಾತ್ರ ಬಿಡುಗಡೆ ಕೇಳಬಹುದು.

ಅರ್ಲಿ ಆ್ಯಕ್ಷನ್: ಅರ್ಜಿಯೂ ಬೇಗ, ಉತ್ತರವೂ ಬೇಗ. ಆದರೆ ಕಟ್ಟುಪಾಡಿಲ್ಲ. ಸೇರುವ ನಿರ್ಧಾರಕ್ಕೆ ಮೇ 1ರವರೆಗೆ ಸಮಯ ಇರುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನಂಥವು ಇದರಲ್ಲೂ ಒಂದು ಷರತ್ತು ಇಟ್ಟಿವೆ: ಆ ಸುತ್ತಿನಲ್ಲಿ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗನೆ ಅರ್ಜಿ ಹಾಕುವಂತಿಲ್ಲ.

ಅರ್ಲಿ ಡಿಸಿಷನ್ ಎರಡು: ಕೆಲವು ಕಾಲೇಜುಗಳಲ್ಲಿ ಜನವರಿ ಆರಂಭದಲ್ಲಿ ಕಟ್ಟುಪಾಡಿನ ಎರಡನೇ ಸುತ್ತು ಇದೆ. ಉತ್ತರ ಫೆಬ್ರವರಿಯಲ್ಲಿ ಬರುತ್ತದೆ.

ರೆಗ್ಯುಲರ್ ಡಿಸಿಷನ್: ಹೆಚ್ಚಿನ ಕಡೆ ಜನವರಿಯ ಮೊದಲ ವಾರ ಕೊನೆಯ ದಿನ. ಉತ್ತರ ಮಾರ್ಚ್ ಕೊನೆಯ ಹೊತ್ತಿಗೆ.

ಬೇಗ ಹಾಕಿದ ಅರ್ಜಿಗೆ ಮೂರು ಉತ್ತರಗಳು ಬರಬಹುದು: ‘ಹೌದು’, ‘ಇಲ್ಲ’, ‘ಡಿಫರ್’. ಡಿಫರ್ ಎಂದರೆ ನಿಮ್ಮ ಅರ್ಜಿಯನ್ನು ರೆಗ್ಯುಲರ್ ಸುತ್ತಿನಲ್ಲಿ ಮತ್ತೊಮ್ಮೆ ನೋಡುತ್ತಾರೆ. ಆಗ ಹೊಸ ಅಂಕಗಳು, ಹೊಸ ಕೆಲಸಗಳನ್ನು ತಿಳಿಸಿ, ಇನ್ನೂ ಆಸಕ್ತಿ ಇದೆ ಎಂದು ಒಂದು ಚಿಕ್ಕ ಪತ್ರ ಬರೆಯಬಹುದು. ‘ಇಲ್ಲ’ ಎಂದರೆ ಆ ವರ್ಷ ಆ ಕಾಲೇಜಿಗೆ ಮತ್ತೆ ಅರ್ಜಿ ಹಾಕುವಂತಿಲ್ಲ. ನನಗೆ ಬಂದದ್ದು ಈ ‘ಇಲ್ಲ’. ಎರಡು ದಿನ ನಾನು ಆ ಕಾಲೇಜಿಗೆ ಮೇಲ್ ಬರೆದು ಕಾರಣ ಕೇಳಬೇಕೆಂದು ಕರಡು ಮಾಡುತ್ತ ಕೂತಿದ್ದೆ. ಕಾಲೇಜುಗಳು ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ. ಆ ಎರಡು ದಿನ ಸುಮ್ಮನೆ ಹೋದವು.

ಆ ‘ಇಲ್ಲ’ ನಿಜವಾಗಿ ಏನು ಹೇಳುತ್ತದೆ?

ನಾವು ಕಾಮರ್ಸ್‌ನವರು, ಅಂಕಿಗಳನ್ನೇ ನೋಡೋಣ. 2024ರಲ್ಲಿ ಹಾರ್ವರ್ಡ್‌ಗೆ ಸುಮಾರು 54 ಸಾವಿರ ಅರ್ಜಿಗಳು ಬಂದಿದ್ದವು. ಸೀಟು ಸಿಕ್ಕಿದ್ದು 1,937 ಮಂದಿಗೆ. ಅಂದರೆ 100ಕ್ಕೆ 4ಕ್ಕೂ ಕಡಿಮೆ. ಅದರಲ್ಲಿ ಮೊದಲ ಸುತ್ತಿಗೆ ಅರ್ಜಿ ಹಾಕಿದವರು ಎಂಟು ಸಾವಿರದ ಹತ್ತಿರ, ಆಯ್ಕೆಯಾದವರು 692. ಅಲ್ಲಿ 100ಕ್ಕೆ 8ಕ್ಕಿಂತ ಹೆಚ್ಚು. ಎರಡನೇ ಸುತ್ತಿನಲ್ಲಿ 100ಕ್ಕೆ 3ಕ್ಕೂ ಕಡಿಮೆ.

ಈ ಅಂಕಿ ನೋಡಿ ನಾನು ಮೊದಲ ವರ್ಷದಲ್ಲಿ, ‘ಬೇಗ ಹಾಕಿದರೆ ಅವಕಾಶ ಮೂರು ಪಟ್ಟು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಸಂಖ್ಯಾಶಾಸ್ತ್ರ ಓದುವ ಗೆಳತಿಯರು ಈ ತಪ್ಪನ್ನು ಕೂಡಲೇ ಹಿಡಿಯುತ್ತಾರೆ. ಎರಡು ಸುತ್ತಿನಲ್ಲಿ ಇರುವವರು ಒಂದೇ ಬಗೆಯವರಲ್ಲ. ಮೊದಲ ಸುತ್ತಿನಲ್ಲಿ ಕಾಲೇಜು ತಂಡಕ್ಕೆ ಮೊದಲೇ ಗುರುತಿಸಿದ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಎರಡು ವರ್ಷದಿಂದ ಕೌನ್ಸೆಲರ್ ಜೊತೆ ತಯಾರಿ ನಡೆಸಿದವರು ಹೆಚ್ಚು. ಅವರ ಪ್ರಮಾಣವನ್ನು ತಂದು ನನ್ನ ಹೆಸರಿನ ಮುಂದೆ ಬರೆದರೆ ಲೆಕ್ಕ ತಪ್ಪುತ್ತದೆ.

ಬೇಗ ಹಾಕುವುದರಿಂದ ಲಾಭವೇ ಇಲ್ಲ ಎಂದಲ್ಲ. ಕ್ರಿಸ್ಟೋಫರ್ ಏವರಿ, ಆ್ಯಂಡ್ರೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ‘ದಿ ಅರ್ಲಿ ಅಡ್ಮಿಷನ್ಸ್ ಗೇಮ್’ ಎಂಬ ಪುಸ್ತಕ ಪ್ರಕಟಿಸಿದರು. ಒಂದೇ ಮಟ್ಟದ ಇಬ್ಬರಲ್ಲಿ ಬೇಗ ಅರ್ಜಿ ಹಾಕಿದವರಿಗೆ ಸ್ಯಾಟ್ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಬಂದಷ್ಟು ಅನುಕೂಲ ಆಗುತ್ತಿದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಇದು ಅನುಕೂಲಸ್ಥರ ಮಕ್ಕಳಿಗೇ ಹೆಚ್ಚು ಉಪಯೋಗ ಎಂಬ ಕಾರಣಕ್ಕೆ 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಮೊದಲ ಸುತ್ತನ್ನೇ ಕೈಬಿಡುವುದಾಗಿ ಘೋಷಿಸಿದವು. 2011ರಲ್ಲಿ ಎರಡೂ ಮತ್ತೆ ಆರಂಭಿಸಿದವು. ಅಂದರೆ ಈ ವ್ಯವಸ್ಥೆ ಎಲ್ಲರಿಗೂ ಸಮಾನವಲ್ಲ ಎಂಬುದನ್ನು ಅಲ್ಲಿನವರೇ ಒಪ್ಪಿಕೊಂಡಿದ್ದರು.

ಇಷ್ಟು ತಿಳಿದ ಮೇಲೆ ನನ್ನ ಪತ್ರವನ್ನು ಮತ್ತೊಮ್ಮೆ ತೆರೆದು ಕೊನೆಯವರೆಗೂ ಓದಿದೆ. ಅದರಲ್ಲಿ ‘ನೀನು ಯೋಗ್ಯಳಲ್ಲ’ ಎಂದು ಎಲ್ಲೂ ಬರೆದಿರಲಿಲ್ಲ. ಆ ಮಾತನ್ನು ನಾನೇ ಸೇರಿಸಿ ಓದಿದ್ದೆ.

ನನ್ನ ಮೊದಲ ತಪ್ಪು: ದುಡ್ಡಿನ ಲೆಕ್ಕ

ನಮ್ಮದು ಹಳೇ ಪಿ.ಬಿ. ರಸ್ತೆ ಪಕ್ಕದ ಗುಜರಿ ಅಂಗಡಿ. ಅಮೆರಿಕದ ದೊಡ್ಡ ಖಾಸಗಿ ಕಾಲೇಜಿನಲ್ಲಿ ಒಂದು ವರ್ಷಕ್ಕೆ ಊಟ ವಸತಿ ಸೇರಿ ಸುಮಾರು 80ರಿಂದ 90 ಸಾವಿರ ಡಾಲರ್ ಖರ್ಚಿದೆ. ನಮ್ಮ ದುಡ್ಡಿನಲ್ಲಿ 70 ಲಕ್ಷದ ಆಸುಪಾಸು. ಬ್ಯಾಂಕಿನ ಶಿಕ್ಷಣ ಸಾಲ ತೆಗೆಯಿರಿ ಎಂದು ಹಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಬಡ್ಡಿಯ ಸಾಲ ಮಾಡುವುದಿಲ್ಲ. ಈ ಪತ್ರಿಕೆ ಓದುವ ಹಲವರ ಮನೆಯಲ್ಲೂ ಹಾಗೇ ಇರಬಹುದು. ಆದ್ದರಿಂದ ಕಾಲೇಜೇ ಪೂರ್ತಿ ನೆರವು ಕೊಟ್ಟರೆ ಮಾತ್ರ ನಾನು ಹೋಗಬಲ್ಲೆ.

ಇಲ್ಲಿ ಎರಡು ಪದ ನೆನಪಿಡಿ. ‘ನೀಡ್ ಬ್ಲೈಂಡ್’ ಎಂದರೆ ನಿಮಗೆ ನೆರವು ಬೇಕೋ ಬೇಡವೋ ಎಂಬುದನ್ನು ನೋಡದೆ ಆಯ್ಕೆ ಮಾಡುವುದು. ‘ನೀಡ್ ಅವೇರ್’ ಎಂದರೆ ಅದನ್ನೂ ನೋಡಿ ಆಯ್ಕೆ ಮಾಡುವುದು. ಅಮೆರಿಕದ ವಿದ್ಯಾರ್ಥಿಗಳಿಗೆ ನೀಡ್ ಬ್ಲೈಂಡ್ ಆಗಿರುವ ಎಷ್ಟೋ ಕಾಲೇಜುಗಳು ಹೊರದೇಶದವರಿಗೆ ಹಾಗಿಲ್ಲ. ಹೊರದೇಶದವರಿಗೂ ನೀಡ್ ಬ್ಲೈಂಡ್ ಆಗಿದ್ದು, ಬೇಕಾದಷ್ಟೂ ನೆರವು ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಹಳೆಯವು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿಕೊಂಡವು. ಆಮೇಲೆ ಬ್ರೌನ್ ಕೂಡ ಬಂತು. ಪ್ರಿನ್ಸ್‌ಟನ್ 2001ರಲ್ಲೇ ತನ್ನ ನೆರವಿನಿಂದ ಸಾಲವನ್ನು ತೆಗೆದುಹಾಕಿ, ಅದರ ಬದಲು ಮರುಪಾವತಿ ಇಲ್ಲದ ಅನುದಾನ ಕೊಡತೊಡಗಿತು. ಬಡ್ಡಿ ಬೇಡ ಎನ್ನುವ ಮನೆಗಳಿಗೆ ಇದು ಮುಖ್ಯ ವಿಷಯ.

ನಾನು ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದ್ದು ಹೊರದೇಶದವರಿಗೆ ನೀಡ್ ಅವೇರ್ ಆಗಿರುವ ಕಾಲೇಜಿಗೆ. ಅದನ್ನು ನೋಡಿಕೊಳ್ಳದೆ, ಕ್ಯಾಂಪಸ್ಸಿನ ಚಿತ್ರಗಳನ್ನು ನೋಡಿ ಹಾಕಿದ್ದೆ. ಅಲ್ಲದೆ, ಅರ್ಥಶಾಸ್ತ್ರದ ಆರಂಭದ ಪಾಠದಲ್ಲೇ ಬರುವ ಅವಕಾಶ ವೆಚ್ಚವನ್ನು ಮರೆತಿದ್ದೆ. ಕಟ್ಟುಪಾಡಿನ ಸುತ್ತಿನಲ್ಲಿ ಸೀಟು ಸಿಕ್ಕರೆ ಬೇರೆ ಕಾಲೇಜುಗಳ ನೆರವಿನ ಜೊತೆ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ದುಡ್ಡಿದ್ದವರಿಗೆ ಆ ವೆಚ್ಚ ಚಿಕ್ಕದು. ನಮಗೆ ಅದೇ ಎಲ್ಲಕ್ಕಿಂತ ದೊಡ್ಡದು. ಪ್ರಿನ್ಸಿಪಾಲರು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, “ಇದರಿಂದ ನಿನಗೆ ತೊಂದರೆ ಏನಾದರೂ ಆಗಬಹುದೇನಮ್ಮ?” ಎಂದು ಕೇಳಿದ್ದರು. “ಏನೂ ಇಲ್ಲ ಸರ್” ಎಂದಿದ್ದೆ.

ಎರಡನೇ ಸುತ್ತಿಗೆ ನಾನು ಆರು ಕಾಲೇಜುಗಳನ್ನು ಆರಿಸಿಕೊಂಡೆ. ಮೊದಲು ಗಾಬರಿಯಲ್ಲಿ ಹದಿನೈದು ಬರೆದಿದ್ದೆ. ಪ್ರತಿ ಕಾಲೇಜಿಗೂ ಬೇರೆ ಚಿಕ್ಕ ಪ್ರಬಂಧಗಳಿವೆ, ಮೂರು ವಾರದಲ್ಲಿ ಹದಿನೈದನ್ನು ಸರಿಯಾಗಿ ಮಾಡಲು ಆಗುವುದಿಲ್ಲ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆ ಬರೆದು ಸೋಸಿದೆ. ಹೊರದೇಶದವರಿಗೆ ಪೂರ್ತಿ ನೆರವು ಕೊಡುತ್ತಾರೆಯೇ? ಅರ್ಜಿ ಶುಲ್ಕ ಎಷ್ಟು? ನಾನು ಓದಬೇಕೆಂದಿರುವ ಅರ್ಥಶಾಸ್ತ್ರ ಅಲ್ಲಿ ಹೇಗಿದೆ? ಸೋಸುವಾಗ ಮಹಿಳಾ ಕಾಲೇಜುಗಳು ಕಣ್ಣಿಗೆ ಬಿದ್ದವು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಮೌಂಟ್ ಹೋಲಿಯೋಕ್ 1837ರಲ್ಲಿ ಆರಂಭವಾದದ್ದು. ಅದೇ ರಾಜ್ಯದ ವೆಲ್ಸ್‌ಲಿ ಮತ್ತು ಸ್ಮಿತ್ ಕಾಲೇಜುಗಳು ಅರ್ಜಿ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಈ ಮೂರೂ ಹೊರದೇಶದವರಿಗೆ ನೀಡ್ ಅವೇರ್, ಆದ್ದರಿಂದ ಸುಲಭ ಎಂದುಕೊಳ್ಳಬೇಡಿ. ಆದರೆ ‘ಹುಡುಗಿಯನ್ನು ಅಷ್ಟು ದೂರ ಕಳಿಸುವುದಾ?’ ಎನ್ನುತ್ತಿದ್ದ ನಾನಿ, ಅಲ್ಲಿ ಹುಡುಗಿಯರದೇ ಕಾಲೇಜುಗಳಿವೆ ಎಂದು ತಿಳಿದ ಮೇಲೆ ವಾದ ಮಾಡುವುದನ್ನು ಅರ್ಧ ನಿಲ್ಲಿಸಿದರು.

ಎರಡನೇ ತಪ್ಪು: ಬೇರೆಯವರ ಪ್ರಬಂಧ

ಕಾಮನ್ ಆ್ಯಪ್‌ನಲ್ಲಿ 650 ಪದಗಳ ಒಂದು ಮುಖ್ಯ ಪ್ರಬಂಧ ಬರೆಯಬೇಕು. ನವೆಂಬರಿನಲ್ಲಿ ನಾನು ಮಹಿಳಾ ಸಬಲೀಕರಣದ ಬಗ್ಗೆ ಬರೆದಿದ್ದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಹತ್ತು ಮಾದರಿ ಪ್ರಬಂಧಗಳನ್ನು ಓದಿ, ಅವುಗಳ ಹಾಗೆಯೇ ಕೇಳಿಸುವಂತೆ ಬರೆದಿದ್ದೆ. ‘ನಾಯಕತ್ವ’ ಎಂಬ ಪದ ಏಳು ಸಲ ಬಂದಿತ್ತು. ಫಲಿತಾಂಶದ ನಂತರ ಅದನ್ನು ಕನ್ನಡ ಮೇಡಂಗೆ ತೋರಿಸಿದೆ. ಇಂಗ್ಲಿಷಿನದನ್ನು ಕನ್ನಡ ಮೇಡಂಗೆ ಏಕೆ ಎಂದು ಕೇಳಬೇಡಿ, ಆ ದಿನ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದರು. ಅವರು ಓದಿ, “ಎಲ್ಲ ಸರಿ ಇದೆ. ಆದರೆ ಇದರಲ್ಲಿ ನೀನು ಎಲ್ಲಿದ್ದೀಯಮ್ಮ?” ಎಂದರು.

ಅದೇ ಕಾರಣಕ್ಕೆ ನನಗೆ ಸೀಟು ಸಿಗಲಿಲ್ಲ ಎಂದು ಹೇಳಲಾರೆ. ಆದರೆ ಮೇಡಂ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಂಗಡಿಯಲ್ಲಿ. ಆರ್ಥಿಕ ನೆರವಿಗೆ ‘ಸಿಎಸ್ಎಸ್ ಪ್ರೊಫೈಲ್’ ಎಂಬ ಫಾರಂ ತುಂಬಬೇಕು. ಮನೆಯ ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಅಬ್ಬಾ ಲೆಕ್ಕ ಬರೆಯುವುದು ಉರ್ದುವಿನಲ್ಲಿ, ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ. ಇಷ್ಟು ಕಬ್ಬಿಣ, ಇಷ್ಟು ರದ್ದಿ, ಇಷ್ಟು ರೋಖ, ಇಷ್ಟು ಉದ್ರಿ. ಅಕ್ಟೋಬರಿನಲ್ಲಿ ನಾನು ಹದಿನೈದು ದಿನ ಕೂತು ಒಂದು ವರ್ಷದ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದು, ಕ್ಲಾಸಿನಲ್ಲಿ ಕಲಿತ ಜಮಾ ಖರ್ಚಿನ ಪದ್ಧತಿಯಲ್ಲಿ ಕೂರಿಸಿದ್ದೆ. ಮೊದಲ ಸಲ ಎರಡೂ ಕಡೆ ಕೂಡಲಿಲ್ಲ. ನಾಲ್ಕು ಸಾವಿರ ಚಿಲ್ಲರೆ ವ್ಯತ್ಯಾಸ ಬಂತು.

ಹುಡುಕಿದಾಗ ಗೊತ್ತಾಯಿತು: ಒಬ್ಬ ಫೇರಿಯವರು ಮುಂಗಡ ತೆಗೆದುಕೊಂಡು ಊರು ಬಿಟ್ಟು ಹೋಗಿದ್ದರು. ಅಬ್ಬಾ ಆ ಸಾಲಿನ ಮೇಲೆ ಒಂದು ಗೆರೆ ಎಳೆದು ಬಿಟ್ಟಿದ್ದರು. ನಾನು ಅದನ್ನು ಮೊತ್ತಕ್ಕೆ ಸೇರಿಸಿರಲಿಲ್ಲ. “ಇದನ್ನು ಪುಸ್ತಕದಿಂದ ತೆಗೆದೇ ಬಿಡಬಹುದಲ್ಲ?” ಎಂದು ಕೇಳಿದೆ. “ಹೋದದ್ದು ಹೋಯಿತು, ಗೆರೆ ಹಾಕಿದ್ದೇನೆ. ಆದರೆ ಪುಟ ಹರಿದರೆ ಹಿಸಾಬ್ ಸುಳ್ಳಾಗುತ್ತದೆ ಬೇಟಾ,” ಎಂದರು. ನಮ್ಮ ಪುಸ್ತಕದಲ್ಲಿ ವಸೂಲಾಗದ ಸಾಲವನ್ನು ವಜಾ ಮಾಡುವುದು ಎಂದಿರುವ ಪಾಠ ಇದೇ. ನಷ್ಟವನ್ನು ಆಯಾ ವರ್ಷದ ಲೆಕ್ಕದಲ್ಲೇ ತೋರಿಸಿ ಮುಂದೆ ಹೋಗಬೇಕು. ಅದನ್ನು ಆಸ್ತಿಯ ಕಡೆ ಇಟ್ಟುಕೊಂಡು ಕೂರಬಾರದು, ಬಚ್ಚಿಡಲೂಬಾರದು.

ಈ ಹದಿನೈದು ದಿನದ ಕೆಲಸ ನನ್ನ ನವೆಂಬರಿನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಅದು ಮನೆಕೆಲಸ, ಬರೆಯುವಂಥದ್ದಲ್ಲ ಎಂದುಕೊಂಡಿದ್ದೆ. ಗುಜರಿ ಅಂಗಡಿ ಎಂದು ಬರೆಯಲು ನಾಚಿಕೆಯೂ ಇತ್ತು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕಾಮನ್ ಆ್ಯಪ್‌ನಲ್ಲಿ ಒಂದು ಕಾಲೇಜಿಗೆ ಕಳಿಸಿದ ನಂತರವೂ ಉಳಿದವುಗಳಿಗೆ ಮುಖ್ಯ ಪ್ರಬಂಧವನ್ನು ಬದಲಿಸಬಹುದು. ನಾನು ಬದಲಿಸಿದೆ. ಕೆಂಪು ರಟ್ಟಿನ ಪುಸ್ತಕ, ನಾಲ್ಕು ಸಾವಿರದ ವ್ಯತ್ಯಾಸ, ಅಬ್ಬಾ ಎಳೆದ ಗೆರೆ, ಇಷ್ಟನ್ನೇ ಬರೆದೆ. ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ ಇರುತ್ತವೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಅಂಗಡಿಯ ಲೆಕ್ಕವನ್ನು ಅಲ್ಲೂ ಮೊದಲ ಸಾಲಿಗೆ ತಂದೆ. ಮನೆಯ ಜವಾಬ್ದಾರಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಅಂಗಡಿಯಲ್ಲಿ ಕೂರುವುದು ಎಲ್ಲವನ್ನೂ ಅಲ್ಲಿ ಬರೆಯಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ಕಾಗದ ಪತ್ರಗಳ ಕೆಲಸ

ಇನ್ನು ನಮ್ಮಂಥ ರಾಜ್ಯ ಪಠ್ಯಕ್ರಮದ ಕಾಲೇಜಿನವರಿಗೆ ಬೇಕಾದ ವಿಷಯಗಳು.

ಶಿಫಾರಸು ಪತ್ರ: ‘ಇಲ್ಲ’ ಬಂದ ಮೇಲೆ ನಾನು ಮೂರು ದಿನ ಲೆಕ್ಕಶಾಸ್ತ್ರದ ಸರ್ ಕಣ್ಣಿಗೆ ಬೀಳದಂತೆ ಓಡಾಡಿದೆ. ಅಷ್ಟು ಒಳ್ಳೆಯ ಪತ್ರ ಬರೆದುಕೊಟ್ಟವರಿಗೆ ಏನು ಹೇಳುವುದು ಎಂಬ ಸಂಕೋಚ. ನಾಲ್ಕನೇ ದಿನ ಅವರೇ ಕರೆದು ಕೇಳಿದರು. ಕಾಮನ್ ಆ್ಯಪ್‌ನಲ್ಲಿ ಒಮ್ಮೆ ಹಾಕಿದ ಶಿಕ್ಷಕರ ಪತ್ರವನ್ನು ಉಳಿದ ಕಾಲೇಜುಗಳಿಗೂ ಸೇರಿಸಬಹುದು, ಅವರು ಮತ್ತೆ ಬರೆಯಬೇಕಾಗಿಲ್ಲ. ಆದರೆ ಅವರಿಗೆ ತಿಳಿಸುವುದು ನಮ್ಮ ಕರ್ತವ್ಯ. ಮೂರು ದಿನ ನಾನು ಕಳೆದದ್ದು ಬರೀ ಸಂಕೋಚದಿಂದ.

ಅಂಕಪಟ್ಟಿ: ಒಂಬತ್ತನೇ ತರಗತಿ, ಎಸ್ಎಸ್ಎಲ್‌ಸಿ, ಪ್ರಥಮ ಪಿಯುಸಿ ಅಂಕಗಳು ಮತ್ತು ದ್ವಿತೀಯ ಪಿಯುಸಿಯ ಮಧ್ಯವಾರ್ಷಿಕ ಅಂಕಗಳು ಬೇಕು. ಒಂಬತ್ತನೇ ತರಗತಿಯದನ್ನು ಈಗಲೇ ಹುಡುಕಿಡಿ, ಹಳೆಯ ಶಾಲೆಯಿಂದ ತರಿಸುವುದರಲ್ಲಿ ನನಗೆ ಒಂದು ವಾರ ಹೋಯಿತು.

ಕಾಲೇಜಿನ ಪರಿಚಯ ಪುಟ: ನಮ್ಮಲ್ಲಿ ಎಷ್ಟು ಅಂಕಕ್ಕೆ ಪಾಸು, 85 ಪ್ರತಿಶತಕ್ಕೆ ಡಿಸ್ಟಿಂಕ್ಷನ್ ಎಂಬುದು ಅಲ್ಲಿ ಅರ್ಜಿ ಓದುವವರಿಗೆ ಗೊತ್ತಿರಬೇಕೆಂದಿಲ್ಲ. ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಯಾವ ವಿಷಯಗಳು, ಅಂಕ ಕೊಡುವ ಪದ್ಧತಿ ಹೇಗೆ ಎಂದು ಒಂದು ಪುಟ ಬರೆದು ಜೊತೆಗೆ ಕಳಿಸಬೇಕು. ಡಿಸೆಂಬರಿನಲ್ಲಿ ಪ್ರಿನ್ಸಿಪಾಲರು ಅದನ್ನು ಹೊಸದಾಗಿ ಮಾಡಿಸಿದರು. ಮುಂದಿನ ವರ್ಷ ಹಾಕುವವರಿಗೆ ಅದು ಆಫೀಸಿನಲ್ಲಿ ಸಿದ್ಧ ಇದೆ.

ಆದಾಯದ ದಾಖಲೆ: ನಾನು ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಇಂಗ್ಲಿಷ್ ಅನುವಾದದ ಜೊತೆ, ಅಂಗಡಿಯ ಲೆಕ್ಕವನ್ನೂ ಸೇರಿಸಿ ಕಳಿಸಿದೆ. ಸಿಎಸ್ಎಸ್ ಪ್ರೊಫೈಲಿಗೆ ಶುಲ್ಕ ಇದೆ. ಕಷ್ಟ ಇದ್ದರೆ ಕಾಲೇಜಿಗೆ ಮೇಲ್ ಬರೆದು ಮನ್ನಾ ಕೇಳಿ.

ಪರೀಕ್ಷೆ: ಹಾರ್ವರ್ಡ್, ಯೇಲ್, ಡಾರ್ಟ್‌ಮತ್, ಬ್ರೌನ್ 2024ರಲ್ಲಿ ಸ್ಯಾಟ್‌ನಂಥ ಪರೀಕ್ಷೆಯ ಅಂಕ ಮತ್ತೆ ಕಡ್ಡಾಯ ಮಾಡುವುದಾಗಿ ಹೇಳಿವೆ. ಬೋಡನ್ 1969ರಿಂದಲೂ ಕಡ್ಡಾಯ ಮಾಡಿಲ್ಲ. ಸ್ಯಾಟ್‌ಗೆ ಖಾನ್ ಅಕಾಡೆಮಿಯಲ್ಲಿ ಉಚಿತ ಅಭ್ಯಾಸ ಇದೆ. ಅಮೆರಿಕ ಸರ್ಕಾರದ ‘ಎಜುಕೇಶನ್ ಯುಎಸ್ಎ’ಯಿಂದಲೂ ಉಚಿತ ಮಾಹಿತಿ ಸಿಗುತ್ತದೆ. ಲಕ್ಷಗಟ್ಟಲೆ ಕೇಳುವ ಏಜೆಂಟರ ಬಳಿ ಹೋಗುವ ಮುಂಚೆ ಇವನ್ನು ನೋಡಿ.

ಊರಿನ ಸಾಲನ್ನು ಮರೆಯಬೇಡಿ

ಡಿಸೆಂಬರಿನಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿದ್ದು. ಎಡಕ್ಕೆ ಆ ಆರು ಕಾಲೇಜು. ಬಲಕ್ಕೆ ಇಲ್ಲಿನವು. ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್‌ನಂಥ ಕಾಲೇಜುಗಳಿಗೆ ಸಿಯುಇಟಿ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಉರ್ದುವೂ ಇವೆ. ಐಐಎಂ ಇಂದೋರ್ 2011ರಿಂದ ಪಿಯುಸಿ ಮುಗಿಸಿದವರಿಗೇ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತಿದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ ಇದೆ. ಸಿಎ ಫೌಂಡೇಶನ್‌ಗೆ ನಾಲ್ಕು ಪತ್ರಿಕೆ, ಒಟ್ಟು 400 ಅಂಕ. ಪ್ರತಿಯೊಂದರಲ್ಲೂ 40, ಒಟ್ಟಾರೆ 50 ಪ್ರತಿಶತ ಬೇಕು. ನಮ್ಮ ಊರಿನಲ್ಲೇ ಬಿಕಾಂ ಮಾಡುತ್ತ ಸಿಎ ಓದಿದ ಅಕ್ಕಂದಿರು ನಮ್ಮ ಕಾಲೇಜಿನಿಂದಲೇ ಹೋಗಿದ್ದಾರೆ.

ಬಲಗಡೆಯ ಪಟ್ಟಿಯನ್ನು ‘ಸಿಗದಿದ್ದರೆ’ ಎಂಬ ಭಾವದಲ್ಲಿ ಬರೆಯಬೇಡಿ. ಎಡಗಡೆ ಪೂರ್ತಿ ಸೊನ್ನೆಯಾದರೂ ನನ್ನ ಓದು ನಿಲ್ಲುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆಯೇ ನನಗೆ ಧೈರ್ಯವಾಗಿ ಎಡಗಡೆಯ ಅರ್ಜಿ ಬರೆಯಲು ಆಯಿತು. ಹೇಗಿದ್ದರೂ ಎರಡೂ ಕಡೆಗೆ ದ್ವಿತೀಯ ಪಿಯುಸಿ ಅಂಕ ಬೇಕೇ ಬೇಕು.

ಪ್ರಥಮ ಪಿಯುಸಿಯವರಿಗೆ

ಅರ್ಜಿ ಹಾಕಬೇಕೆಂದಿದ್ದರೆ ಈಗಿನಿಂದಲೇ ಇಷ್ಟು ಮಾಡಿ. ಮನೆಯಲ್ಲಿ ದುಡ್ಡಿನ ಮಾತು ಮೊದಲೇ ಆಡಿ. ಹೊರದೇಶದವರಿಗೆ ಯಾರು ಎಷ್ಟು ನೆರವು ಕೊಡುತ್ತಾರೆ ಎಂದು ಕಾಲೇಜಿನ ಜಾಲತಾಣದಲ್ಲೇ ನೋಡಿ, ಆಯಾ ವರ್ಷದ ನಿಯಮ ಬದಲಾಗುತ್ತಿರುತ್ತದೆ. ಕಟ್ಟುಪಾಡಿನ ಸುತ್ತಿಗೆ ಸಹಿ ಹಾಕುವ ಮುಂಚೆ ಅಬ್ಬಾ ಅಮ್ಮಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ನವೆಂಬರಿನಲ್ಲಿ ಒಂದು ಅರ್ಜಿ ಕಳಿಸಿದ ಮರುದಿನವೇ ಉಳಿದವುಗಳ ಕೆಲಸ ಆರಂಭಿಸಿ. ನಾನು ಡಿಸೆಂಬರಿನ ತನಕ ಕೈಕಟ್ಟಿ ಕಾದೆ. ಆ ಆರು ವಾರ ನನ್ನ ಕೈಯಲ್ಲಿದ್ದರೆ ಆರು ಅರ್ಜಿಗಳೂ ಇನ್ನಷ್ಟು ಚೆನ್ನಾಗಿ ಆಗುತ್ತಿದ್ದವು.

ಜನವರಿಯ ಮೊದಲ ವಾರದಲ್ಲಿ ಒಂದೊಂದಾಗಿ ಐದು ಅರ್ಜಿಗಳನ್ನು ಕಳಿಸಿ, ಕೊನೆಯದನ್ನು 5ರ ರಾತ್ರಿ ಹನ್ನೊಂದಕ್ಕೆ ಕಳಿಸಿದೆ. ಅಬ್ಬಾ ಪಕ್ಕದಲ್ಲೇ ಕೂತು ತಮ್ಮ ಪುಸ್ತಕ ಬರೆಯುತ್ತಿದ್ದರು. “ಹಿಸಾಬ್ ಬರಾಬರ್ ಹೈ ಕ್ಯಾ?” ಎಂದು ಕೇಳಿದರು. ಎಲ್ಲ ಎರಡೆರಡು ಸಲ ನೋಡಿದ್ದೇನೆ ಎಂದೆ. “ಹಾಗಾದರೆ ಮಲಗು, ನಾಳೆ ಕಾಲೇಜಿದೆ” ಎಂದರು.

ಉತ್ತರಗಳು ಮಾರ್ಚ್ ಕೊನೆಗೆ ಬರುತ್ತವೆ. ಆರೂ ಕಡೆಯಿಂದ ‘ಇಲ್ಲ’ ಬರಬಹುದು, ಮೇಲಿನ ಅಂಕಿಗಳನ್ನು ನೋಡಿದವರಿಗೆ ಅದು ಆಶ್ಚರ್ಯವಲ್ಲ. ಬಂದದ್ದು ಏನೇ ಆದರೂ ಮುಂದಿನ ಸಂಚಿಕೆಯಲ್ಲಿ ಎರಡು ಸಾಲು ಬರೆದು ತಿಳಿಸುತ್ತೇನೆ. ಅಲ್ಲಿಯವರೆಗೆ ಪಾಲುದಾರಿಕೆ ಸಂಸ್ಥೆಯ ಅಧ್ಯಾಯದ ಲೆಕ್ಕಗಳು ಬಾಕಿ ಇವೆ, ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿದೆ. ಅರ್ಜಿ ಹಾಕಬೇಕೆಂದಿರುವವರು ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಗೆ ಬನ್ನಿ. ನನ್ನ ನೋಟ್‌ಬುಕ್ ಅಲ್ಲೇ ಇರುತ್ತದೆ, ತಪ್ಪುಗಳ ಪುಟವೂ ಸೇರಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ